ನೆಲ ಮುಟ್ಟದ ಮರ

ರೇಷ್ಮೆ ಹುಳು ಸಾಕುವ ಮನೆಯಲ್ಲಿ ವಿಷಕ್ಕೆ ಜಾಗವಿಲ್ಲ. ಇರುವೆಗೆಂದು ಉದುರಿಸಿದ ಪುಡಿಯಿರಲಿ, ಗೆದ್ದಲಿಗೆಂದು ಹೊಡೆದ ಔಷಧಿಯಿರಲಿ, ಸೊಳ್ಳೆ ಬತ್ತಿಯ ಹೊಗೆಯಿರಲಿ, ಒಳಗೆ ಬಂದರೆ ಮೊದಲು ಸಾಯುವುದು ಹುಳು. ಹಿಪ್ಪುನೇರಳೆ ತೋಟದ ಪಕ್ಕದ ಹೊಲದಲ್ಲಿ ಹೊಗೆಸೊಪ್ಪು ಬೆಳೆದರೂ ಅದರ ನಂಜು ಸೊಪ್ಪಿಗೆ ತಾಗಿ, ತಿಂದ ಹುಳು ಕಾರಿಕೊಂಡು ಸಾಯುತ್ತದೆ. ಬೀಡಿ ಸೇದುವ ನೆಂಟರು ಎಷ್ಟೇ ಹತ್ತಿರದವರಾದರೂ ನಮ್ಮ ಹುಳು ಮನೆಯ ಬಾಗಿಲು ದಾಟುವಂತಿರಲಿಲ್ಲ. ಇಂಥ ಮನೆಯೊಳಗೆ, ಅದೂ ಸಿಮೆಂಟು ನೆಲದ ಮೇಲೆ, ಮರದ ಗೋಡೆಯೊಂದನ್ನು ನಿಲ್ಲಿಸಿ ಅದು ಕೊಳೆಯದಂತೆ, ಗೆದ್ದಲು ಹತ್ತದಂತೆ ಕಾಪಾಡಬೇಕಿತ್ತು. ಡಾಂಬರು ಬಳಿಯುವಂತಿಲ್ಲ, ಔಷಧಿ ಕುಡಿಸುವಂತಿಲ್ಲ. ಅದನ್ನು ಸಾಧಿಸಿದ ಒಬ್ಬ ಹಳೆಯ ಆಚಾರಿಯಿಂದ ನಾನು ಕಲಿತದ್ದು ಆಮೇಲೆ ನನ್ನ ಬದುಕಿನ ಕೆಲಸಕ್ಕೇ ಬಂತು. ಕಟ್ಟಡಗಳ ನಡುವೆ ಇಷ್ಟು ವರ್ಷ ದುಡಿದ ಮೇಲೂ ಆ ಗೋಡೆಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಯಲಹಂಕದಿಂದ ಹಿಂದೂಪುರದ ಕಡೆಗೆ ಹೋಗುವ ರೈಲು ದೊಡ್ಡಬಳ್ಳಾಪುರ ದಾಟಿ, ಮಾಕಳಿದುರ್ಗದ ಬೆಟ್ಟಗಳ ಮಗ್ಗುಲಲ್ಲಿ ಬಳಸಿಕೊಂಡು ಬಂದರೆ ತೊಂಡೇಬಾವಿ. ಆ ಸ್ಟೇಷನ್ನಿನಿಂದ ನಡೆದುಹೋಗುವಷ್ಟು ದೂರದಲ್ಲಿ ನಮ್ಮೂರು. ಕಣ್ಣು ಹಾಯಿಸಿದಲ್ಲೆಲ್ಲ ಬಂಡೆ. ಮನೆಯ ಸೂರಿಗೆ ಕಲ್ಲು ಚಪ್ಪಡಿ, ಬೇಲಿಗೆ ಕಲ್ಲು, ದ್ರಾಕ್ಷಿ ಚಪ್ಪರಕ್ಕೆ ಕಲ್ಲುಕೂಚ, ದನ ಕಟ್ಟುವ ಗೂಟವೂ ಕಲ್ಲೇ. ಮರ ನಮ್ಮ ಕಡೆ ದುಬಾರಿ ವಸ್ತು. ತೊಲೆ, ಬಾಗಿಲುವಾಡ, ಪಡಸಾಲೆಯ ಎರಡು ಕಂಬ, ಅಷ್ಟರಲ್ಲೇ ಮನೆಯ ಮರ ಮುಗಿಯುತ್ತಿತ್ತು. ಇದ್ದದ್ದು ಕಡಿಮೆಯಾದ್ದರಿಂದ ಅದನ್ನು ಜೋಪಾನ ಮಾಡುವ ರೀತಿಯೂ ಗಟ್ಟಿಯಾಗಿತ್ತು.

ನಮ್ಮ ಹಳೆಯ ಮನೆಯ ಪಡಸಾಲೆ ಕಂಬಗಳು ನೆಲಕ್ಕೆ ತಾಗಿರಲಿಲ್ಲ. ಒಂದು ಗೇಣೆತ್ತರದ ಚೌಕ ಕಲ್ಲಿನ ಮೇಲೆ ನಿಂತಿದ್ದವು. ಬಾಗಿಲುವಾಡ ಕೂಡ ಕಲ್ಲಿನ ಹೊಸ್ತಿಲ ಮೇಲೆ ಕೂತಿತ್ತು. ನೆಲ ಮಣ್ಣಿನದು, ವಾರಕ್ಕೆರಡು ಸಲ ಸಗಣಿ ಸಾರಿಸಿದ್ದು. ಭೂಮಿಯಿಂದ ಮೇಲೇರುವ ತೇವಕ್ಕೆ ಇಡೀ ನೆಲವೇ ಬಾಗಿಲು. ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪವೇ ಆರಿಹೋಗುತ್ತಿತ್ತು. ಗೋಡೆಯ ಬುಡಕ್ಕೋ ಕಂಬದ ಬುಡಕ್ಕೋ ಬಂದು ಸೇರಬೇಕಾದ ಒತ್ತಡವೇ ಅದಕ್ಕಿರಲಿಲ್ಲ. ಆ ಕಾಲದಲ್ಲಿ ಹುಳುವೂ ನಮ್ಮ ಜೊತೆ ಅದೇ ಪಡಸಾಲೆಯಲ್ಲಿ ಬೆಳೆಯುತ್ತಿತ್ತು. ಐದನೇ ಹಂತದ ಹುಳು ಸೊಪ್ಪು ಮೇಯುವಾಗ ರಾತ್ರಿಯೆಲ್ಲ ಮಳೆ ಹನಿಯುವಂಥ ಸದ್ದು. ಹುಳು ಹಣ್ಣಾದರೆ ಮಲಗುವ ಜಾಗವೆಲ್ಲ ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಟ್ಟುಕೊಟ್ಟು ನಾವು ಜಗಲಿಗೆ ಬರುತ್ತಿದ್ದೆವು.

1990ರ ದಶಕದಲ್ಲಿ ಈ ರೀತಿ ಬದಲಾಗತೊಡಗಿತು. ಮಿಶ್ರತಳಿಯ ಜೊತೆಗೆ ದ್ವಿತಳಿ ಹುಳು ಸಾಕಬೇಕು, ಅದಕ್ಕೆ ಮನೆಮಂದಿಯಿಂದ ಬೇರೆಯಾದ ಹುಳು ಮನೆ ಬೇಕು, ನೆಲ ತೊಳೆಯುವಂತಿರಬೇಕು ಎಂದು ರೇಷ್ಮೆ ಇಲಾಖೆಯವರು ಊರೂರಿಗೆ ಬಂದು ಹೇಳುತ್ತಿದ್ದರು. ಹೇಳಿಕೆಯಲ್ಲಿ ಹುರುಳಿತ್ತು. ಒಂದು ಬೆಳೆಯ ರೋಗ ಮುಂದಿನ ಬೆಳೆಗೆ ದಾಟುವುದು ನೆಲದ, ತಟ್ಟೆಯ, ಗೋಡೆಯ ಮೂಲಕವೇ. ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು ಇವುಗಳಲ್ಲಿ ಯಾವುದು ಬಂದರೂ ಸಾಲ ಮಾಡಿ ತಂದ ಮೊಟ್ಟೆ, ತಿಂಗಳು ದುಡಿದ ಮೈ, ಎಲ್ಲ ತಿಪ್ಪೆಗೆ. ಹಾಗಾಗಿ ಪ್ರತಿ ಬೆಳೆಗೂ ಮೊದಲು ಎರಡು ಪರ್ಸೆಂಟು ಬ್ಲೀಚಿಂಗ್ ಪೌಡರನ್ನು ಸುಣ್ಣದ ತಿಳಿಯಲ್ಲಿ ಕಲಸಿ ಮನೆ ಪೂರ್ತಿ ಹೊಡೆಯಬೇಕು, ನೆಲ ತೊಳೆಯಬೇಕು. ಮಣ್ಣಿನ ನೆಲದಲ್ಲಿ ಇದು ಆಗುವ ಮಾತಲ್ಲ. ಅಪ್ಪ ಬ್ಯಾಂಕಿನಲ್ಲಿ ಸಾಲ ತೆಗೆದು, ಹಿತ್ತಲಿನ ಆಚೆ ಹೊಸ ಹುಳು ಮನೆ ಕಟ್ಟಿಸಿದರು. ಮಣ್ಣು ತುಂಬಿ ದಿಮ್ಮಸು ಹಾಕಿ, ಕಲ್ಲು ಜೋಡಿಸಿ, ಮೇಲೆ ನಾಲ್ಕಂಗುಲ ಕಾಂಕ್ರೀಟು, ಅದರ ಮೇಲೆ ನುಣ್ಣನೆ ಸಿಮೆಂಟು. ಊರಿನಲ್ಲಿ ಹಲವರು ನೋಡಲು ಬಂದರು. ಅಷ್ಟು ದೊಡ್ಡ ನುಣುಪು ನೆಲ ಆಗ ನಮ್ಮೂರಿನ ಶಾಲೆಯಲ್ಲೂ ಇರಲಿಲ್ಲ.

ಮನೆಯೇನೋ ಒಂದೇ ಅಂಕಣದ ದೊಡ್ಡ ಹಜಾರ. ಆದರೆ ಹುಳುವಿಗೆ ಎರಡು ಹವೆ ಬೇಕು. ಮೊಟ್ಟೆಯೊಡೆದ ಹುಳು ಎರಡನೇ ಜ್ವರದ (ಪೊರೆ ಬಿಡುವ ನಿದ್ದೆಯ) ತನಕ, ಅಂದರೆ ಚಾಕಿ ಹಂತದಲ್ಲಿ, 26ರಿಂದ 28 ಡಿಗ್ರಿ ಶಾಖ ಕೇಳುತ್ತದೆ. ಗಾಳಿಯ ತೇವ ನೂರಕ್ಕೆ 80ರಿಂದ 90 ಇರಬೇಕು. ದೊಡ್ಡ ಹುಳುವಿಗೆ 24, 25 ಡಿಗ್ರಿ ಸಾಕು, ತೇವ 70ಕ್ಕೆ ಇಳಿಯಬೇಕು, ಗಾಳಿ ಆಡಬೇಕು. ಒಂದೇ ಹಜಾರದಲ್ಲಿ ಎರಡೂ ಆಗುವುದಿಲ್ಲ. ನಡುವೆ ಒಂದು ಗೋಡೆ ಎಬ್ಬಿಸಿ ಚಾಕಿ ಕೋಣೆ ಬೇರೆ ಮಾಡಬೇಕಿತ್ತು. ಇಟ್ಟಿಗೆಯದಾದರೆ ಮುಂದೆ ಹಜಾರ ಬೇಕೆಂದಾಗ ಒಡೆಯಬೇಕು. ಅದಕ್ಕೆ ಅಪ್ಪ ಮರದ ಚೌಕಟ್ಟಿಗೆ ಪ್ಲೈವುಡ್ ಹೊಡೆಸುವುದೆಂದು ತೀರ್ಮಾನಿಸಿದರು. ಹಳೆಯ ದನದ ಕೊಟ್ಟಿಗೆ ಬಿಚ್ಚಿದಾಗ ಬಂದ ಮತ್ತಿ ಮರದ ತೊಲೆಗಳಿದ್ದವು. ಅವನ್ನು ಗೌರಿಬಿದನೂರಿನ ಸಾಮಿಲ್ಲಿನಲ್ಲಿ ಸೀಳಿಸಿ ತಂದದ್ದಾಯಿತು.

ಕೆಲಸಕ್ಕೆ ಬಂದ ಆಚಾರಿ ನಮ್ಮ ತಾತನ ಕಾಲದಿಂದ ಮನೆಯ ನೇಗಿಲು, ಗಾಡಿ, ಬಾಗಿಲು ಎಲ್ಲ ಮಾಡಿಕೊಟ್ಟವರು. ಊರೆಲ್ಲ ಅವರನ್ನು ಆಚಾರಪ್ಪ ಎಂದೇ ಕರೆಯುತ್ತಿತ್ತು. ಬಂದವರು ಮರ ನೋಡಲಿಲ್ಲ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಚೊಂಬಿನಿಂದ ಒಂದಿಷ್ಟು ನೀರು ಚೆಲ್ಲಿ ಸುಮ್ಮನೆ ನೋಡುತ್ತಿದ್ದರು. ಹೊಳೆಯುತ್ತಿದ್ದ ನೀರು ನೋಡನೋಡುತ್ತ ಮಂಕಾಯಿತು, ಅಂಚು ಕಪ್ಪಗಾಗಿ ಅಗಲವಾಯಿತು. ಪಕ್ಕದ ಕಲ್ಲಿನ ಹೊಸ್ತಿಲ ಮೇಲೆ ಚೆಲ್ಲಿದ ನೀರು ಹನಿಯಾಗಿಯೇ ನಿಂತಿತ್ತು.

“ನೋಡಿ ಸ್ವಾಮಿ, ಇದು ಕಲ್ಲಿನಂಗೆ ಕಾಣ್ತೈತೆ, ಕಲ್ಲಲ್ಲ. ನೀರು ಕುಡೀತೈತೆ. ಇದರ ಮೇಲೆ ಮರ ಕೂರ್ಸಿದ್ರೆ ಮರಾನೂ ಕುಡೀತೈತೆ.”

ಅಪ್ಪ ಹೇಳಿದರು: “ಮಳೇನೇ ಇಲ್ಲದ ಸೀಮೆ ಆಚಾರಪ್ಪ ನಮ್ದು. ಎಲ್ಲಿಂದ ಬರ್ತೈತೆ ನೀರು?”

“ಮಳೆ ಬರ್ದಿದ್ರೆ ನೀವೇ ಹುಯ್ತೀರಲ್ಲ. ಬೆಳೆಬೆಳೆಗೂ ತೊಳೀತೀರಿ. ನನಗೆ ನಾಲ್ಕಂಗುಲ ಎತ್ತರದ ಕಲ್ಲು ಕೊಡ್ಸಿ, ಆಮೇಲೆ ಮರದ ಮಾತು.”

ಕಲ್ಲು ಕುಟಿಗರು ಸೀಳಿಕೊಟ್ಟ ಉದ್ದನೆಯ ಕಲ್ಲುಗಳನ್ನು ನೆಲದ ಮೇಲೆ ಸಾಲಾಗಿ ಗಾರೆಯಲ್ಲಿ ಕೂರಿಸಿದರು. ಆಚಾರಪ್ಪ ಆ ಕಲ್ಲಿನ ಮೇಲೆ ಯೂರಿಯಾ ಚೀಲದ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಎರಡು ಮಡಿಕೆ ಮಾಡಿ ಹಾಸಿದರು. ಅದರ ಮೇಲೆ ಚೌಕಟ್ಟಿನ ಕೆಳಪಟ್ಟಿ. ಅಪ್ಪ ಕಲ್ಲಿನಲ್ಲಿ ಕುಳಿ ಹೊಡೆಸಿ ಕಂಬಗಳನ್ನು ನೆಡಿಸೋಣ, ಅಲುಗಾಡುವುದಿಲ್ಲ ಎಂದಾಗ ಆಚಾರಪ್ಪ ಒಪ್ಪಲಿಲ್ಲ. ಕುಳಿ ತೋಡಿದರೆ ತೊಳೆದ ನೀರು ಅದರಲ್ಲೇ ನಿಲ್ಲುತ್ತದೆ, ಮರದ ತುದಿ ಆ ನೀರಿನಲ್ಲೇ ಮುಳುಗಿರುತ್ತದೆ ಎಂಬುದು ಅವರ ಲೆಕ್ಕ. ಚೌಕಟ್ಟನ್ನು ಮೇಲೆ ತೊಲೆಗೆ, ಎರಡು ಪಕ್ಕದಲ್ಲಿ ಗೋಡೆಗೆ ಬಿಗಿದು, ಕೆಳಗೆ ಕಲ್ಲಿನ ಮೇಲೆ ಬರೀ ಕೂರಿಸಿದರು.

ಅವರ ಇನ್ನೊಂದು ಕೆಲಸ ನನ್ನ ಕಣ್ಣಿಗೆ ಕಟ್ಟಿದಂತಿದೆ. ಪ್ರತಿ ನಿಲುಪಟ್ಟಿಯ ಕೆಳತುದಿಯನ್ನೂ ಉಜ್ಜಿ ನುಣುಪು ಮಾಡಿ, ಮೇಣದಬತ್ತಿ ಕರಗಿಸಿದ ತಪ್ಪಲೆಯಲ್ಲಿ ಅದ್ದಿ, ಮರ ಇನ್ನು ಕುಡಿಯುವುದಿಲ್ಲ ಎನ್ನುವ ತನಕ ಹಿಡಿಯುತ್ತಿದ್ದರು. ಮೇಣದಲ್ಲಿ ಗುಳ್ಳೆಗಳು ಏಳುತ್ತಿದ್ದವು. ಅದು ಮರದೊಳಗಿನ ಗಾಳಿ ಹೊರಗೆ ಬರುವ ಗುರುತು. ಮರ ಮೈಯಿಂದ ಹೀರುವುದಕ್ಕಿಂತ ತುದಿಯಿಂದ ಹೀರುವುದು ಬಹಳ ಹೆಚ್ಚು. ಬೇರಿನಿಂದ ತಲೆಗೆ ನೀರು ಒಯ್ದ ನಾಳಗಳ ಬಾಯಿ ಅಲ್ಲಿ ತೆರೆದಿರುತ್ತದೆ. ಅದನ್ನು ಮುಚ್ಚಲು ಡಾಂಬರು ಬಳಿಯುವುದು ವಾಡಿಕೆ. ಹುಳು ಮನೆಯಲ್ಲಿ ಅದರ ವಾಸನೆ ಕೂಡದು. ಚಾಕಿ ತಟ್ಟೆಗೆ ಹೊದಿಸುವ ಕಾಗದಕ್ಕೆ ಮೇಣ ಹಚ್ಚಿರುತ್ತದೆ, ಹುಳುವಿಗೆ ಅದರಿಂದ ಏನೂ ಆಗುವುದಿಲ್ಲ, ಅದೇ ಮೇಣ ಮರಕ್ಕೂ ಆಗುತ್ತದೆ ಎಂದು ಅಮ್ಮ ಸೂಚಿಸಿದ್ದು, ಆಚಾರಪ್ಪ ತಕ್ಷಣ ಒಪ್ಪಿದ್ದು. ಇಬ್ಬರ ಕಸುಬಿನ ತಿಳಿವಳಿಕೆ ಒಂದು ತಪ್ಪಲೆಯಲ್ಲಿ ಕೂಡಿತು.

ನೀರು ಹೇಗೆ ಏರುತ್ತದೆ ಎಂಬುದನ್ನು ನಾನು ಆಮೇಲೆ ಓದಿ ತಿಳಿದೆ. 50 ಕೆಜಿ ಸಿಮೆಂಟು ಮೂಟೆಗೆ ಮೇಸ್ತ್ರಿ 25 ಲೀಟರಿನಷ್ಟು ನೀರು ಹಾಕುತ್ತಾನೆ. ಅದರಲ್ಲಿ ಸುಮಾರು ಅರ್ಧ ಮಾತ್ರ ಸಿಮೆಂಟಿನ ಜೊತೆ ಬೆರೆತು ಗಟ್ಟಿಯಾಗುತ್ತದೆ. ಮಿಕ್ಕದ್ದು ಆರಿಹೋಗುವಾಗ ಬಿಟ್ಟುಹೋಗುವ ದಾರಿಗಳೇ ಕಾಂಕ್ರೀಟಿನ ಒಳಗಿನ ಸೂಕ್ಷ್ಮ ರಂಧ್ರಗಳು. ಕೆಳಗಿನ ಮಣ್ಣು ಒದ್ದೆಯಾದರೆ ದೀಪದ ಬತ್ತಿ ಎಣ್ಣೆ ಎಳೆದುಕೊಂಡಂತೆ ಆ ರಂಧ್ರಗಳು ನೀರೆಳೆದುಕೊಳ್ಳುತ್ತವೆ. ರಂಧ್ರ ಸಣ್ಣದಾದಷ್ಟೂ ನೀರು ಏರುವುದು ಎತ್ತರ. ದಪ್ಪ ಜಲ್ಲಿಯ ನಡುವಿನ ಸಂದು ದೊಡ್ಡದಿರುವುದರಿಂದ ಅಲ್ಲಿ ನೀರು ಏರಲಾರದು. ಸಂದಿನಲ್ಲಿ ಮಣ್ಣು ತುಂಬಿದರೆ ಆ ಲಾಭ ಹೋಯಿತು. ನೀರಾಗಿ ಬಾರದಿದ್ದರೆ ಆವಿಯಾಗಿ ಬರುತ್ತದೆ, ಬರಿಗಣ್ಣಿಗೆ ನೆಲ ಒಣಗಿಯೇ ಕಾಣುತ್ತದೆ. ನಮ್ಮ ಸೀಮೆಯ ಒಳ್ಳೆಯ ಕಗ್ಗಲ್ಲು ತನ್ನ ತೂಕದ ನೂರಕ್ಕೆ ಅರ್ಧದಷ್ಟೂ ನೀರು ಹೀರುವುದಿಲ್ಲ. ಸಾಮಾನ್ಯ ಕಾಂಕ್ರೀಟು ಅದರ ಹತ್ತು ಪಟ್ಟಾದರೂ ಹೀರುತ್ತದೆ. ಆಚಾರಪ್ಪ ಚೊಂಬು ನೀರಿನಲ್ಲಿ ತೋರಿಸಿದ್ದು ಇದನ್ನೇ.

ಮರ ಕೊಳೆಯುವುದಕ್ಕೂ ಒಂದು ಲೆಕ್ಕವಿದೆ. ಮರದೊಳಗಿನ ತೇವ ನೂರಕ್ಕೆ 20ರ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಅದನ್ನು ದಾಟಿ 28, 30ರ ಹತ್ತಿರ ಬಂದು ಅಲ್ಲೇ ನಿಂತರೆ ಮರದ ಆಯಸ್ಸು ಕರಗತೊಡಗುತ್ತದೆ. ನೆನೆದದ್ದೇ ಮುಳುವಲ್ಲ. ನೆನೆದ ಮರ ಬೇಗ ಆರಿದರೆ ನೂರು ವರ್ಷ ಬಾಳುತ್ತದೆ. ಆರಲು ದಾರಿಯಿಲ್ಲದ ಮರ, ಕಡಿಮೆ ನೆನೆದರೂ, ಸಾಯುತ್ತದೆ. ನಮ್ಮ ಗೋಡೆಗೆ ಬುಡದ ಕಾಟದ ಜೊತೆ ಮುಖದ ಕಾಟವೂ ಇತ್ತು. ಚಾಕಿ ಕೋಣೆಯಲ್ಲಿ ಒದ್ದೆ ಗೋಣಿ ತೂಗುಹಾಕಿ ತೇವ ನಿಲ್ಲಿಸುತ್ತಿದ್ದೆವು. ಆ ತೇವ ಗೋಡೆಯ ಮೂಲಕ ಒಣಗಿದ ಕಡೆಗೆ ಹೋಗಲು ನೋಡುತ್ತದೆ. ಅದಕ್ಕೆ ಆಚಾರಪ್ಪ ಚಾಕಿ ಕಡೆಗೆ ಮಾತ್ರ ಪ್ಲಾಸ್ಟಿಕ್ ಹಾಳೆ ಬಿಗಿದು, ಅದರ ಮೇಲೆ ಪ್ಲೈವುಡ್ ಹೊಡೆದರು. ದೊಡ್ಡ ಹುಳುವಿನ ಕಡೆ ಚೌಕಟ್ಟು ಬರಿಮೈಯಾಗಿ ಗಾಳಿಗೆ ತೆರೆದಿತ್ತು. ಎರಡೂ ಕಡೆ ಮುಚ್ಚಿದ್ದರೆ ನೋಡಲು ಅಂದವಾಗುತ್ತಿತ್ತು, ಒಳಗೆ ಹೊಕ್ಕ ತೇವ ಮಾತ್ರ ಅಲ್ಲೇ ಸೆರೆಯಾಗುತ್ತಿತ್ತು. ಪ್ಲೈವುಡ್ ಕೂಡ ಕಲ್ಲಿನ ತನಕ ಇಳಿಯದೆ ಬೆರಳು ಹೋಗುವಷ್ಟು ಮೇಲೆಯೇ ನಿಂತಿತ್ತು. ಆ ಸಂದಿಗೆ ಬಟ್ಟೆ ಸುತ್ತಿ ತುರುಕುತ್ತಿದ್ದೆವು. ಬೆಳೆ ಮುಗಿದ ಮೇಲೆ ಬಟ್ಟೆ ತೆಗೆದು ಬಿಸಿಲಿಗೆ ಹಾಕಿದರೆ ಗೋಡೆಗೂ ಉಸಿರು.

ಮೊಳೆಗಳ ವಿಷಯದಲ್ಲಿ ಬ್ಲೀಚಿಂಗ್ ಪೌಡರು ಬಹಳ ಕೆಟ್ಟದ್ದು. ಕ್ಲೋರಿನ್ ತಾಗಿದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ತುಕ್ಕಿನ ಸುತ್ತಲ ಮರ ಕಪ್ಪಾಗಿ ಪೊಳ್ಳಾಗುತ್ತದೆ. ನೆಲದಿಂದ ಮೊಳದೆತ್ತರದ ತನಕ ಆಚಾರಪ್ಪ ಒಂದೂ ಕಬ್ಬಿಣದ ಮೊಳೆ ಹೊಡೆಯಲಿಲ್ಲ. ಕಚ್ಚು ಹಾಕಿ ಕೂಡಿಸಿ, ಬಿದಿರಿನ ಮೊಳೆ ಬಡಿದರು.

ಗೆದ್ದಲಿನ ಕಾವಲು ಅಮ್ಮನದು. ಗೆದ್ದಲು ಬೆಳಕಿಗೆ ಹೆದರುವ ಪ್ರಾಣಿ. ಮಣ್ಣಿನ ಕೊಳವೆ ಕಟ್ಟಿಕೊಳ್ಳದೆ ಬಯಲಲ್ಲಿ ಹತ್ತುವುದಿಲ್ಲ. ಕಲ್ಲಿನ ಮೈಮೇಲೆ ನಾಲ್ಕಂಗುಲ ಏರಬೇಕೆಂದರೆ ಎಲ್ಲರಿಗೂ ಕಾಣುವಂತೆ ಏರಬೇಕು. ಅಮ್ಮ ಬೆಳಿಗ್ಗೆ ಕಸ ಹೊಡೆಯುವಾಗ ಕಲ್ಲಿನ ಎರಡೂ ಮಗ್ಗುಲು ಬಗ್ಗಿ ನೋಡುತ್ತಿದ್ದರು. ಪೆನ್ಸಿಲಿನಷ್ಟು ದಪ್ಪದ ಕೆಮ್ಮಣ್ಣಿನ ಗೆರೆ ಕಂಡರೆ ಪೊರಕೆಯ ಬುಡದಿಂದ ಕೆರೆದು, ನೆಲದ ಯಾವ ಬಿರುಕಿನಿಂದ ಬಂದಿದೆ ಎಂದು ಹುಡುಕಿ, ಆ ಬಾಯಿಗೆ ಸಿಮೆಂಟಿನ ಹಾಲು ಸುರಿಯುತ್ತಿದ್ದರು. ಒಂದು ಹನಿ ಔಷಧಿ ಇಲ್ಲ. ದಿನಾ ಕಣ್ಣಾಡಿಸುವ ಮನುಷ್ಯರಿದ್ದರೆ ಅದೇ ದೊಡ್ಡ ರಕ್ಷಣೆ. ಆದರೆ ಕಣ್ಣಾಡಿಸಲು ಜಾಗ ಬಿಟ್ಟು ಕಟ್ಟಿರಬೇಕು.

ಅದೇ ವರ್ಷಗಳಲ್ಲಿ ನಮ್ಮ ನೆಂಟರೊಬ್ಬರು ಶಿಡ್ಲಘಟ್ಟದ ಕಡೆ ಇದೇ ಬಗೆಯ ಹುಳು ಮನೆ ಕಟ್ಟಿಸಿದರು. ಅವರ ಮರ ನಮ್ಮದಕ್ಕಿಂತ ಒಳ್ಳೆಯದು, ಸಾಗುವಾನಿ. ಚೌಕಟ್ಟನ್ನು ನೆಲದ ಮೇಲೇ ಕೂರಿಸಿ, ಎರಡೂ ಕಡೆ ಪ್ಲೈವುಡ್ ಹೊಡೆಸಿ, ನೀರು ನುಗ್ಗದಿರಲೆಂದು ಬುಡಕ್ಕೆ ಸಿಮೆಂಟಿನ ಪಟ್ಟಿ ಕಟ್ಟಿಸಿದ್ದರು. ನೋಡಿದವರೆಲ್ಲ ಹೊಗಳಿದರು. ಆ ಸಿಮೆಂಟು ಪಟ್ಟಿ ನೀರನ್ನು ಹೊರಗಿಡಲಿಲ್ಲ, ಒಳಗಿನದ್ದನ್ನು ಹೊರಗೆ ಬಿಡಲಿಲ್ಲ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಬುಡದ ಪ್ಲೈವುಡ್ ಊದಿ ಪದರ ಬಿಟ್ಟಿತು. ಬೆರಳಿನಿಂದ ಒತ್ತಿದರೆ ಕೆಳಪಟ್ಟಿ ಹಿಂಡಿ ಬರುತ್ತಿತ್ತು. ಒಳಗೆಲ್ಲ ಬಿಳಿ ಬೂಷ್ಟು. ಒಂದು ಚಳಿಗಾಲದ ಬೆಳೆಗೆ ಸುಣ್ಣಕಟ್ಟು ಬಿತ್ತು. ಸತ್ತ ಹುಳು ಸೀಮೆಸುಣ್ಣದ ಕಡ್ಡಿಯಾಗಿ ಬಿದ್ದಿದ್ದವು. ಆ ರೋಗದ ಶಿಲೀಂಧ್ರ ಬೇರೆ, ಮರ ಕೊಳೆಸುವುದು ಬೇರೆ. ಗೋಡೆಯೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ತಂಪು ಮತ್ತು ಅತಿ ತೇವ ಇದ್ದಲ್ಲಿ ಸುಣ್ಣಕಟ್ಟು ಹಬ್ಬುತ್ತದೆ ಎಂಬುದು ಹುಳು ಸಾಕುವ ಪ್ರತಿಯೊಬ್ಬರಿಗೂ ಗೊತ್ತು. ಬೂಷ್ಟು ಹಿಡಿದ ಮರ, ಬಿದಿರುಗಳಿಂದ ಆಸ್ಪರ್ಜಿಲಸ್ ಎಂಬ ಇನ್ನೊಂದು ಶಿಲೀಂಧ್ರ ಚಾಕಿ ಹುಳುವಿಗೆ ತಗಲುತ್ತದೆ. ಬೀರು ಕಪಾಟು ಇರುವ ಮನೆಯಲ್ಲಿ ಗೋಡೆ ಒದ್ದೆಯಾದರೆ ಬಣ್ಣ ಕೆಡುತ್ತದೆ. ಹುಳು ಮನೆಯಲ್ಲಿ ವರ್ಷದ ಅನ್ನ ಕೆಡುತ್ತದೆ.

ನಮ್ಮ ಗೋಡೆಗೆ ರೈಲ್ವೆಯವರ ಹಳೆಯ ಸ್ಲೀಪರ್ ಮರ ಹಾಕಿ ಎಂದು ಅಪ್ಪನಿಗೆ ಹೇಳಿದವರಿದ್ದರು. 1980ರ ದಶಕದ ಮೊದಲಲ್ಲಿ ನಮ್ಮ ದಾರಿ ಮೀಟರ್ ಗೇಜಿನಿಂದ ಬ್ರಾಡ್‌ಗೇಜ್ ಆದಾಗ ಕಿತ್ತ ಮರಗಳು ಹರಾಜಿನಲ್ಲಿ ಹೋಗಿ, ಸುತ್ತಲ ಹಳ್ಳಿಗಳ ಕೊಟ್ಟಿಗೆಗಳಲ್ಲಿ, ಗಾಡಿ ಶೆಡ್ಡುಗಳಲ್ಲಿ ಸೇರಿಕೊಂಡಿದ್ದವು. ಕ್ರಿಯೋಸೋಟ್ ಎಂಬ ಡಾಂಬರಿನ ಎಣ್ಣೆ ಕುಡಿಸಿದ ಮರಕ್ಕೆ ಗೆದ್ದಲು ಸುಳಿಯುವುದಿಲ್ಲ. ಬಿಸಿಲೇರಿದರೆ ಅದರ ಘಾಟು ಮೂಗಿಗೆ ಅಡರುತ್ತದೆ. ಅಮ್ಮ ಕೇಳಿದ ಕೂಡಲೇ ಬೇಡವೆಂದರು. ನನಗೆ ಆ ಸ್ಲೀಪರುಗಳಲ್ಲಿ ಇಂದಿಗೂ ದೊಡ್ಡದಾಗಿ ಕಾಣುವುದು ಎಣ್ಣೆಯಲ್ಲ, ಅದರ ಕೆಳಗಿದ್ದ ಜಲ್ಲಿ. ರೈಲಿನ ಭಾರ ಹಂಚುವುದಷ್ಟೇ ಅಲ್ಲ, ಬಿದ್ದ ನೀರನ್ನು ಕೂಡಲೇ ಕೆಳಗಿಳಿಸಿ ಮರವನ್ನು ಒಣಗಿಸುವುದೂ ಆ ಜಲ್ಲಿಯ ಕೆಲಸ. ತೊಂಡೇಬಾವಿ ಸ್ಟೇಷನ್ನಿನ ದಾರಿಯಲ್ಲೇ ಆಚಾರಪ್ಪನ ಸೂತ್ರ ಮೈಲಿಗಟ್ಟಲೆ ಹಾಸಿತ್ತು.

ಓದು ಮುಗಿಸಿ ನಾನು ಬೆಂಗಳೂರಿನಲ್ಲಿ ಕಟ್ಟಡಗಳ ಒಳಾಂಗಣದ ಕೆಲಸ ನೋಡಿಕೊಳ್ಳುವ ನೌಕರಿಗೆ ಸೇರಿದೆ. ಅಲ್ಲಿ ಎಲ್ಲವೂ ವೇಗ. ನೆಲದ ಕಾಂಕ್ರೀಟು ಹಾಕಿ ತಿಂಗಳಾಗುವ ಮೊದಲೇ ಮರದ ಪಾರ್ಟಿಷನ್ ನಿಲ್ಲಬೇಕು. ನಾಲ್ಕಂಗುಲ ದಪ್ಪದ ಕಾಂಕ್ರೀಟು ತನ್ನದೇ ನೀರನ್ನು ಬಿಟ್ಟು ಆರಲು ತಿಂಗಳುಗಳೇ ಬೇಕು. ಅಂಗುಲಕ್ಕೊಂದು ತಿಂಗಳು ಎಂಬುದು ಕೆಲಸಗಾರರ ಅಂದಾಜು. ಆಗ ಮಲ್ಲೇಶ್ವರದ ಹದಿನೆಂಟನೇ ಕ್ರಾಸಿನಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಬಗ್ಗೆ ತಿಳಿದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದದ್ದು ಅದು. ಮರದ ಸಂರಕ್ಷಣೆಯ ಚರಿತ್ರೆಯಲ್ಲಿ ನಮ್ಮವರ ಹೆಸರು ದೊಡ್ಡದಿದೆ ಎಂಬುದೂ ಆಗಲೇ ತಿಳಿದದ್ದು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕೂಡಿದ ಲವಣವನ್ನು ಕಂಡುಹಿಡಿದರು. ಒತ್ತಡದಲ್ಲಿ ಅದನ್ನು ಕುಡಿಸಿದ ಮರ ಮಣ್ಣಿನಲ್ಲಿ ನೆಟ್ಟರೂ ದಶಕಗಟ್ಟಲೆ ಬಾಳುತ್ತಿತ್ತು. ಲೋಕದ ತುಂಬ ವಿದ್ಯುತ್ ಕಂಬ, ಬೇಲಿ, ಮನೆಗಳಿಗೆ ಅದೇ ಬಳಕೆಯಾಯಿತು. ಅದರಲ್ಲಿನ ಆರ್ಸೆನಿಕ್ ಮನುಷ್ಯರಿಗೆ ಒಳ್ಳೆಯದಲ್ಲವೆಂದು 2003ರ ಕೊನೆಗೆ ಅಮೆರಿಕದಲ್ಲಿ ಮನೆ ಬಳಕೆಯ ಮರಕ್ಕೆ ಅದನ್ನು ನಿಲ್ಲಿಸಿದರು. ಈಗ ಅಲ್ಲಿ ತಾಮ್ರವೇ ಮುಖ್ಯವಾದ ಬೇರೆ ಮದ್ದುಗಳಿವೆ. ಆ ಮದ್ದು ಸಾಮಾನ್ಯ ಮೊಳೆಯನ್ನು ತಿನ್ನುವುದರಿಂದ ಸತುವಿನ ಲೇಪದ ಮೊಳೆಯೇ ಆಗಬೇಕು.

ಇದೆಲ್ಲ ಒಂದು ದಿನ ನೇರವಾಗಿ ಕೆಲಸಕ್ಕೆ ಬಂತು. ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗಳು ತನ್ನ ಮನೆಯ ನೆಲಮಾಳಿಗೆಯಲ್ಲಿ ಕೋಣೆ ಮಾಡಿಸುತ್ತಿದ್ದಳು. ಅಲ್ಲಿ ಒಳಗೋಡೆಗಳೆಲ್ಲ ಮರದ ಚೌಕಟ್ಟಿನವೇ, ನಿಲ್ಲುವುದು ಕಾಂಕ್ರೀಟು ನೆಲದ ಮೇಲೆ. ಫೋನಿನಲ್ಲಿ ಚಿತ್ರ ಕಳಿಸಿ, “ಅಣ್ಣಾ, ಒಂದೇ ಒಂದು ಪಟ್ಟಿ ಮಾತ್ರ ಯಾಕೆ ಹಸಿರು ಬಣ್ಣದ್ದು? ಅದಕ್ಕೆ ದುಡ್ಡೂ ಜಾಸ್ತಿ ಕೇಳ್ತಿದಾರೆ” ಎಂದಳು. ಅದು ಮದ್ದು ಕುಡಿಸಿದ ಕೆಳಪಟ್ಟಿ. ನೆಲ ಮುಟ್ಟುವ ಮರ ಅಂಥದ್ದೇ ಆಗಿರಬೇಕೆಂದು ಅಲ್ಲಿನ ಕಟ್ಟಡ ನಿಯಮ ಹೇಳುತ್ತದೆ. ಅದರ ಕೆಳಗೆ ತೆಳ್ಳನೆಯ ಫೋಮಿನ ಹಾಸು, ಚೌಕಟ್ಟಿಗೂ ಹೊರಗೋಡೆಗೂ ನಡುವೆ ಸಂದು, ಗೋಡೆಯ ಹಲಗೆ ನೆಲದಿಂದ ಅರ್ಧ ಅಂಗುಲ ಮೇಲೆ. ಯೂರಿಯಾ ಚೀಲದ ಹಾಳೆ ಹಾಸಿ, ಬೆರಳಿನಷ್ಟು ಸಂದು ಬಿಟ್ಟ ನಮ್ಮ ಆಚಾರಪ್ಪನೂ, ಪುಸ್ತಕ ನೋಡಿ ಕಟ್ಟುವ ಅಲ್ಲಿನ ಬಡಗಿಯೂ ಒಂದೇ ಕಡೆ ಬಂದು ನಿಂತಿದ್ದರು. ಕೆಲಸ ಶುರುಮಾಡುವ ಮೊದಲು ನೆಲ ಪರೀಕ್ಷಿಸಲು ಹೇಳಿದೆ. ಹದಿನೆಂಟು ಅಂಗುಲ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪು ಹಾಕಿ ನೆಲಕ್ಕೆ ಅಂಟಿಸಿ, ಹದಿನಾರು ಗಂಟೆ ಬಿಟ್ಟು ತೆಗೆದು ನೋಡುವುದು. ಹಾಳೆಯ ಕೆಳಗೆ ಹನಿ ಕಟ್ಟಿದ್ದರೆ ಅಥವಾ ನೆಲ ಕಪ್ಪಾಗಿದ್ದರೆ ತೇವ ಬರುತ್ತಿದೆ ಎಂದು ಅರ್ಥ. ಹತ್ತು ರೂಪಾಯಿಯ ಹಾಳೆಯಲ್ಲಿ ನಮ್ಮೂರಿನಲ್ಲೂ ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ ಇದು.

ನಮ್ಮೂರಿಗೆ ತೇವದ ಈ ಎಚ್ಚರಿಕೆಯೆಲ್ಲ ಯಾಕೆ ಬೇಕು ಎಂದು ಹಲವರು ಕೇಳುತ್ತಿದ್ದರು. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸಿನ ಮಳೆ, ಬತ್ತಿದ ಕೆರೆ, ಸಾವಿರ ಅಡಿ ದಾಟಿದ ಬೋರ್‌ವೆಲ್. ಉತ್ತರ ಪಿನಾಕಿನಿ ನದಿ ಎಂದರೆ ಮಕ್ಕಳಿಗೆ ಮರಳಿನ ಹಾದಿ ಎಂದಷ್ಟೇ ಗೊತ್ತಿತ್ತು. ಇಂಥ ವರ್ಷಗಳಲ್ಲಿ ಒಂದು ತಲೆಮಾರು ಮನೆ ಕಟ್ಟಿತು. ತೊಂಡೇಬಾವಿಗೆ ಕ್ಲಿಂಕರ್ ತಂದು ಸಿಮೆಂಟು ಅರೆಯುವ ಕಾರ್ಖಾನೆಯೂ ಬಂತು, ಸಿಮೆಂಟು ಮನೆಬಾಗಿಲಿಗೇ ಸಿಗತೊಡಗಿತು. ಕೆರೆಯ ಅಂಗಳಕ್ಕೆ ಹತ್ತಿರ, ರಸ್ತೆಗಿಂತ ತಗ್ಗಿನಲ್ಲಿ, ನೆಲಗಟ್ಟು ಎತ್ತರಿಸದೆ ಮನೆಗಳು ಎದ್ದವು. ತೇವದ ಭಯವೇ ಊರಿನಿಂದ ಹೊರಟುಹೋಗಿತ್ತು.

2021ರ ನವೆಂಬರಿನಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಅದಕ್ಕೆ ಮೊದಲೇ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಹಲವು ಕೆರೆಗಳಿಗೆ ಬರತೊಡಗಿತ್ತು. ತುಂಬಿದ ಕೆರೆಗಳು ಕೋಡಿ ಬಿದ್ದವು, ಪಿನಾಕಿನಿ ದಡ ಮುಟ್ಟಿ ಹರಿಯಿತು. ಊರವರು ಕೆರೆಗೆ ಬಾಗಿನ ಬಿಟ್ಟರು, ಅಮ್ಮ ಅತ್ತೇ ಬಿಟ್ಟರು. ಅಷ್ಟು ನೀರನ್ನು ನೋಡುವ ಆಸೆಯಲ್ಲೇ ಅವರ ವಯಸ್ಸು ಕಳೆದಿತ್ತು. ಮುಂದಿನ ವರ್ಷವೂ ಚೆನ್ನಾಗಿ ಮಳೆಯಾಯಿತು. ಆಗ ಊರಿಗೆ ಹೋದರೆ ಒಂದೊಂದು ಮನೆಯಲ್ಲೂ ಒಂದೇ ಮಾತು: ಗೋಡೆ ನೀರು ಎಳೀತಿದೆ, ಟೈಲ್ಸ್ ಸಂದಿಯಲ್ಲಿ ಬಿಳಿ ಉಪ್ಪು ಬರ್ತಿದೆ, ಬಾಗಿಲು ಬಿಗಿಯಾಗಿದೆ, ದೇವರ ಮನೆಯ ಮರದ ಪಾರ್ಟಿಷನ್ ಬುಡದಲ್ಲಿ ಊದಿದೆ. ನುಣುಪು ಟೈಲ್ಸ್ ನೆಲದ ಉದ್ದಗಲ ತೇವಕ್ಕೆ ದಾರಿ ಮುಚ್ಚಿತ್ತು. ಅದು ಅಂಚಿಗೆ ಸರಿದು, ಮರದ ಬುಡ ಹುಡುಕಿಕೊಂಡು ಮೇಲೆ ಬಂದಿತ್ತು. ಕಂಗಾಲಾದವರು ಔಷಧಿ ಹೊಡೆಯುವವರನ್ನು ಕರೆಸಿದರು. ಹಿತ್ತಲಿನಲ್ಲಿ ಹುಳು ಸಾಕುವವರಿಗೆ ಆ ದಾರಿಯೂ ಇರಲಿಲ್ಲ.

ನಮ್ಮ ಹುಳು ಮನೆಯ ಗೋಡೆಯನ್ನು ಆಗ ತಮ್ಮನ ಜೊತೆ ಸೇರಿ ಬಿಚ್ಚಿ ನೋಡಿದೆ. ಪ್ಲೈವುಡ್ ಅಷ್ಟರಲ್ಲಿ ಒಮ್ಮೆ ಬದಲಾಗಿತ್ತು. ಯೂರಿಯಾ ಹಾಳೆ ಹಪ್ಪಳವಾಗಿ ಹರಿದಿತ್ತು. ಹಾಳೆಯ ಕೆಳಗೆ ಕಲ್ಲಿನ ಮೈ ಒಣಗಿತ್ತು. ಕೆಳಪಟ್ಟಿಗೆ ಉಳಿಯ ಮೊನೆ ಒತ್ತಿದರೆ ಒಳಗಿಳಿಯಲಿಲ್ಲ; ಮೇಲಿನ ಅರ್ಧ ಅಂಗುಲ ಕೆರೆದಾಗ ಮತ್ತಿ ಮರದ ಕಂದು ಚೇಗು ಹೊಸದರಂತೆ ಹೊಳೆಯಿತು. ದಪ್ಪ ಪಾಲಿಥೀನ್ ಹಾಕಿ ಮತ್ತೆ ಅಲ್ಲೇ ಕೂರಿಸಿದೆವು. ತಮ್ಮ ಈಗಲೂ ಅಲ್ಲಿ ದ್ವಿತಳಿ ಬೆಳೆ ತೆಗೆಯುತ್ತಾನೆ, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುತ್ತಾನೆ.

ಹೊಸದಾಗಿ ಮನೆ ಕಟ್ಟುವವರು ನನ್ನನ್ನು ಕೇಳಿದಾಗ ಹೇಳುವುದು ಒಂದೇ. ಹಿಂದೆ ಮನೆ ಕೆಲಸಕ್ಕೆ ಆಚಾರಿ ಮೊದಲು ಬರುತ್ತಿದ್ದರು. ಗೋಡೆ ಏಳುವ ಮೊದಲೇ ಬಾಗಿಲುವಾಡ ನಿಲ್ಲಿಸಿ ಪೂಜೆಯಾಗುತ್ತಿತ್ತು, ಕಲ್ಲು ಎಲ್ಲಿ, ಮರ ಎಲ್ಲಿ ಎಂಬುದು ಅವರು ಮತ್ತು ಗಾರೆಯವರು ಕೂತು ತೀರ್ಮಾನಿಸುತ್ತಿದ್ದರು. ಈಗ ಮರದ ಕೆಲಸದವರನ್ನು ಕರೆಯುವುದು ನೆಲ, ಟೈಲ್ಸ್, ಬಣ್ಣ ಎಲ್ಲ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಅವರ ಕೈಯಲ್ಲಿ ಉಳಿಯುವುದು ವಿಷದ ಡಬ್ಬಿ ಮಾತ್ರ. ನೆಲದ ಕೆಳಗೆ ಮಣ್ಣು ಬೆರೆಯದ ದಪ್ಪ ಜಲ್ಲಿ, ಅದರ ಮೇಲೆ ಹರಿಯದ ಪ್ಲಾಸ್ಟಿಕ್ ಹಾಳೆ, ಕಾಂಕ್ರೀಟು ಆರಲು ಬಿಡುವು, ಮರ ಬರುವ ಕಡೆ ಒಂದು ಸಾಲು ಕಗ್ಗಲ್ಲು, ಬುಡದಲ್ಲಿ ಕಾಣುವ ಸಂದು. ಇವೆಲ್ಲ ಸೇರಿ ಒಂದು ಮನೆಯ ಖರ್ಚಿನಲ್ಲಿ ಲೆಕ್ಕಕ್ಕೇ ಬಾರದಷ್ಟು ಕಡಿಮೆ, ಆದರೆ ನೆಲ ಹಾಕಿದ ಮರುದಿನ ಎಷ್ಟು ದುಡ್ಡು ಕೊಟ್ಟರೂ ಇವು ಸಿಗುವುದಿಲ್ಲ. ಆದ್ದರಿಂದ ಕಾಂಕ್ರೀಟಿನ ಮಿಷನ್ ಬರುವ ಹಿಂದಿನ ದಿನವೇ ನಿಮ್ಮೂರಿನ ಆಚಾರಿಯನ್ನು ಕರೆಸಿ, ಮಣ್ಣಿನ ಮೇಲೆ ನಿಲ್ಲಿಸಿ, ಮರ ಎಲ್ಲಿ ಕೂರಬೇಕು ಎಂದು ಅವರನ್ನು ಕೇಳಿ.